ಕಾರಿನ ಬೆಲೆ ಎಷ್ಟು ಟನ್ ಕಬ್ಬು? ಗೋಕಾಕ, ಮೂಡಲಗಿ, ಹುಕ್ಕೇರಿಯ ಒಂದು ಲೆಕ್ಕ

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆ ಮೇಲೆ ಕೂತರು. ಬೇಡಿಕೆ ಟನ್ನಿಗೆ ₹3,500. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿ, ಶೇ 11.25 ಇಳುವರಿಯ ಕಬ್ಬಿಗೆ ಕಟಾವು ಮತ್ತು ಸಾಗಾಣಿಕೆ ಬಿಟ್ಟು ₹3,300 ಎಂದು ಘೋಷಿಸಿದರು. ಅದರಲ್ಲಿ ₹50 ಸರ್ಕಾರದ್ದು, ₹50 ಕಾರ್ಖಾನೆಯದ್ದು. ಅಂದರೆ ಟನ್ನಿಗೆ ನೂರಿನ್ನೂರು ರೂಪಾಯಿಗಾಗಿ ಸಾವಿರಾರು ಜನ ಒಂದು ವಾರಕ್ಕೂ ಹೆಚ್ಚು ಕಾಲ ಚಳಿಯಲ್ಲಿ ಬಯಲಲ್ಲಿ ಮಲಗಿದ್ದರು.

ಇದಾದ ಕೆಲ ತಿಂಗಳಿಗೆ ಆ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ. ಕಾರು ಬುಕ್ ಮಾಡೋ ಆಲೋಚನೆ. "ತಿಂಗಳಾ ಹತ್ತ ಸಾವಿರ ಅಷ್ಟ ಐತಿ, ನಡೀತೈತಿ ಬಿಡೋ" ಅಂದ. ಐವತ್ತು ರೂಪಾಯಿಗೆ ಸರ್ಕಾರದ ಜೊತೆ ಜಗಳ ಆಡಿದ ಮನುಷ್ಯ, ಎಂಟು ಲಕ್ಷದ ಕಾಗದಕ್ಕೆ ಅರ್ಧ ಗಂಟೆಯಲ್ಲಿ ಸಹಿ ಹಾಕೋಕೆ ತಯಾರಾಗಿದ್ದ. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಕಾರಿನ ಎಂಜಿನ್ ಹೇಗೆ ಓಡುತ್ತದೆ ಅಂತ ನಾಲ್ಕು ವರ್ಷ ಕಲಿಸಿದರು, ಅದನ್ನು ಸಾಕೋಕೆ ಎಷ್ಟು ಬೀಳುತ್ತದೆ ಅಂತ ಯಾರೂ ಕಲಿಸಲಿಲ್ಲ. ಆವತ್ತು ರಾತ್ರಿ ಇಬ್ಬರೂ ಕೂತು ಹಾಕಿದ ಲೆಕ್ಕವೇ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರು ತಗೋಬೇಡಿ ಅಂತ ಉಪದೇಶ ಮಾಡೋಕೆ ಇದನ್ನು ಬರೆಯುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಬಂದರೆ ಬೆಳಗಾವಿಗೆ ಹೇಗೆ ಹೋಗೋದು ಅನ್ನುವ ಪ್ರಶ್ನೆ ನಿಜವಾದದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಷೋರೂಂ ಬೆಲೆಯಿಂದ ರಸ್ತೆ ಬೆಲೆಗೆ

ಒಂದು ಸಾಧಾರಣ ಸಣ್ಣ ಪೆಟ್ರೋಲ್ ಕಾರು, 1200 ಸಿಸಿ ಒಳಗಿನದು, ಷೋರೂಂ ಬೆಲೆ ₹6,50,000 ಅಂತ ಇಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಮೊದಲು ಸೆಸ್ ಸೇರಿ ಶೇ 29 ಇತ್ತು. ಈಗ ಈ ₹6.5 ಲಕ್ಷದೊಳಗೆ ಜಿಎಸ್‌ಟಿ ಪಾಲು ಸುಮಾರು ₹99,000.

ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ ₹5 ಲಕ್ಷದವರೆಗಿನ ಕಾರಿಗೆ ಶೇ 13, ₹5ರಿಂದ 10 ಲಕ್ಷಕ್ಕೆ ಶೇ 14, ₹10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹಾಗಾಗಿ ಶೇ 14 ಅನ್ನೋದು ನಿಜದಲ್ಲಿ ಶೇ 15.54 ಆಗುತ್ತದೆ. ನಮ್ಮ ಕಾರಿಗೆ ₹1,01,010. ಗಮನಿಸಿ, ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಈ ತೆರಿಗೆ. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಸೆಸ್. ಕೇಂದ್ರ ಮತ್ತು ರಾಜ್ಯ ಸೇರಿ ಚಾವಿ ನಿಮ್ಮ ಕೈಗೆ ಬರುವ ಮೊದಲೇ ₹2 ಲಕ್ಷ ತಗೊಂಡಾಗಿದೆ.

ಮೂರನೆಯದು ವಿಮೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 1000ದಿಂದ 1500 ಸಿಸಿ ಕಾರಿಗೆ 2022ರ ಜೂನ್‌ನಲ್ಲಿ ಜಾರಿಯಾದ ದರ ₹10,640, ಮೇಲೆ ಶೇ 18 ಜಿಎಸ್‌ಟಿ. ನಿಮ್ಮ ಸ್ವಂತ ಗಾಡಿಯ ಹಾನಿಗೆ ಒಂದು ವರ್ಷದ ವಿಮೆ ಬೇರೆ. ಎಲ್ಲ ಸೇರಿ ₹32,000 ಇಟ್ಟುಕೊಳ್ಳಿ. ವಿಮೆಯನ್ನು ಷೋರೂಂನಲ್ಲೇ ಕೊಳ್ಳಬೇಕು ಅನ್ನುವ ಕಾನೂನು ಇಲ್ಲ. ಹೊರಗೆ ಎರಡು ಕಡೆ ಕೊಟೇಶನ್ ತಂದು ಮೇಜಿನ ಮೇಲಿಟ್ಟರೆ ಅಲ್ಲೇ ಬೆಲೆ ಇಳಿಯೋದನ್ನು ನೋಡಿದ್ದೇನೆ.

ನೋಂದಣಿ ಶುಲ್ಕ, ಸಾಲ ಇದ್ದರೆ ಅದರ ನಮೂದು, ನಂಬರ್ ಪ್ಲೇಟ್, ಫಾಸ್ಟ್ಯಾಗ್ ಎಲ್ಲ ಸೇರಿ ಸುಮಾರು ₹5,000. ಒಟ್ಟು ₹7,88,000. ಕೆಎ-49 ಪ್ಲೇಟ್ ಬೀಳೋ ಹೊತ್ತಿಗೆ ಆರೂವರೆ ಲಕ್ಷದ ಗಾಡಿ ಎಂಟು ಲಕ್ಷದ ಹತ್ತಿರ ಬಂದಿರುತ್ತದೆ.

ಸಾಲ: "ಏಳು ಪರ್ಸೆಂಟ್" ಅಂದರೆ ಏಳಲ್ಲ

₹2.88 ಲಕ್ಷ ಕೈಯಿಂದ, ₹5 ಲಕ್ಷ ಸಾಲ. ಶೇ 9.5 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ₹10,501. ಒಟ್ಟು ಬಡ್ಡಿ ₹1.30 ಲಕ್ಷ. ಇದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು ₹8,172ಕ್ಕೆ ಇಳಿಯುತ್ತದೆ, ಆದರೆ ಬಡ್ಡಿ ₹1.86 ಲಕ್ಷಕ್ಕೆ ಏರುತ್ತದೆ. ಸೇಲ್ಸ್‌ನವರು ನಿಮಗೆ ತೋರಿಸೋದು ಬರೀ ಕಂತಿನ ಸಂಖ್ಯೆ. ನೀವು ಕೇಳಬೇಕಾದದ್ದು ಒಟ್ಟು ಕಟ್ಟೋ ಸಂಖ್ಯೆ.

ಇನ್ನೊಂದು ಆಟ "ಫ್ಲಾಟ್" ದರ. ಕೆಲವು ಫೈನಾನ್ಸ್‌ನವರು "ಏಳು ಪರ್ಸೆಂಟ್ ಅಷ್ಟ ರೀ" ಅನ್ನುತ್ತಾರೆ. ಫ್ಲಾಟ್ ಅಂದರೆ ಸಾಲ ತೀರುತ್ತಾ ಬಂದರೂ ಬಡ್ಡಿ ಪೂರ್ತಿ ₹5 ಲಕ್ಷದ ಮೇಲೆಯೇ. ಐದು ವರ್ಷಕ್ಕೆ ₹1.75 ಲಕ್ಷ ಬಡ್ಡಿ, ಕಂತು ₹11,250. ಬ್ಯಾಂಕಿನ ಲೆಕ್ಕಕ್ಕೆ ತಂದರೆ ಇದು ಶೇ 12.5ರ ಸಾಲ. ಏಳು ಕೇಳಿದವರು ಒಂಬತ್ತೂವರೆ ಬಿಟ್ಟು ಹನ್ನೆರಡೂವರೆ ಹಿಡಿದಿರುತ್ತಾರೆ.

ಇದಕ್ಕೆ ಮದ್ದು ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳು ಇಂಥ ಸಾಲಕ್ಕೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಕೊಡಲೇಬೇಕು. ಅದರಲ್ಲಿ ಪ್ರೊಸೆಸಿಂಗ್ ಶುಲ್ಕ ಇತ್ಯಾದಿ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ ಇರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. ಕನ್ನಡದ ಬಗ್ಗೆ ಪೋಸ್ಟ್ ಹಾಕುವ ನಾವು ಈ ಒಂದು ಕಾಗದವನ್ನು ಕನ್ನಡದಲ್ಲಿ ಕೇಳಿದರೆ ಅದಕ್ಕಿಂತ ದೊಡ್ಡ ಕೆಲಸ ಆಗುತ್ತದೆ.

ತಿಂಗಳ ಖರ್ಚು

ಈಗ ಓಡಿಸೋ ಖರ್ಚು. ತಿಂಗಳಿಗೆ 800 ಕಿ.ಮೀ ಅಂತ ಹಿಡಿಯೋಣ. ಗೋಕಾಕ–ಬೆಳಗಾವಿ ನಾಲ್ಕು ಸಲ, ಉಳಿದದ್ದು ಊರ ಸುತ್ತಮುತ್ತ.

- ಪೆಟ್ರೋಲ್: ಲೀಟರಿಗೆ 16 ಕಿ.ಮೀ, 50 ಲೀಟರ್, ₹103ರಂತೆ ₹5,150
- ವಿಮೆ: ಎರಡರಿಂದ ಐದನೇ ವರ್ಷದ ನವೀಕರಣ ಒಟ್ಟು ₹54,000 ಅಂದಾಜು, 60 ತಿಂಗಳಿಗೆ ಹಂಚಿದರೆ ₹900
- ಸರ್ವಿಸ್: ವರ್ಷಕ್ಕೆ ₹9,000, ತಿಂಗಳಿಗೆ ₹750
- ಟೈರ್, ಬ್ಯಾಟರಿ: ತಿಂಗಳಿಗೆ ₹550
- ಟೋಲ್, ಪಾರ್ಕಿಂಗ್, ತೊಳೆಸೋದು, ಹೊಗೆ ಪರೀಕ್ಷೆ: ₹650
- ಅನಿರೀಕ್ಷಿತ ರಿಪೇರಿಗೆ ಎತ್ತಿಡಬೇಕಾದದ್ದು: ₹1,000

ಒಟ್ಟು ₹9,000. ಕಂತು ಸೇರಿದರೆ ₹19,501. ಗೆಳೆಯ ಹೇಳಿದ "ಹತ್ತ ಸಾವಿರ" ಇಲ್ಲಿಗೆ ಹತ್ತೊಂಬತ್ತೂವರೆ ಸಾವಿರ ಆಯಿತು. ಸರ್ವಿಸ್, ಟೈರ್ ಲೆಕ್ಕ ನನ್ನ ಅಂದಾಜು. ನಿಮ್ಮ ಗಾಡಿಗೆ, ನಿಮ್ಮ ರಸ್ತೆಗೆ ತಕ್ಕಂತೆ ಬದಲಿಸಿಕೊಳ್ಳಿ. ಕಬ್ಬಿನ ಸೀಸನ್‌ನಲ್ಲಿ ಲೋಡ್ ಟ್ರ್ಯಾಕ್ಟರ್ ಓಡಾಡಿದ ಹಳ್ಳಿ ರಸ್ತೆಯಲ್ಲಿ ಸಸ್ಪೆನ್ಷನ್ ಬಾಳಿಕೆ ಬೆಂಗಳೂರಿನ ಲೆಕ್ಕಕ್ಕೆ ಸಿಗೋದಿಲ್ಲ.

ಐದು ವರ್ಷದ ಚಿತ್ರ ಹೀಗಿದೆ. ಕೈಯಿಂದ ₹2.88 ಲಕ್ಷ, ಕಂತು ₹6.30 ಲಕ್ಷ, ಓಡಿಸೋ ಖರ್ಚು ₹5.40 ಲಕ್ಷ. ಒಟ್ಟು ₹14.58 ಲಕ್ಷ. ಐದು ವರ್ಷಕ್ಕೆ ಮಾರಿದಾಗ ಷೋರೂಂ ಬೆಲೆಯ ಅರ್ಧ, ₹3.25 ಲಕ್ಷ ಬಂತು ಅನ್ನಿ. ನಿವ್ವಳ ಖರ್ಚು ₹11.33 ಲಕ್ಷ. 48,000 ಕಿ.ಮೀಗೆ ಭಾಗಿಸಿದರೆ ಕಿಲೋಮೀಟರಿಗೆ ₹23.60.

ಕಾರನ್ನು ಕಡಿಮೆ ಓಡಿಸಿದರೆ ಉಳಿತಾಯ ಅಂತ ಅನಿಸುತ್ತದೆ. ಉಲ್ಟಾ. ತಿಂಗಳಿಗೆ 400 ಕಿ.ಮೀ ಮಾತ್ರ ಓಡಿಸಿದರೆ ಪೆಟ್ರೋಲ್ ಅರ್ಧ ಆಗುತ್ತದೆ ಅಷ್ಟೇ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆಗ ಕಿಲೋಮೀಟರಿಗೆ ₹40 ದಾಟುತ್ತದೆ. ನಿಮ್ಮೂರಿನ ಬಾಡಿಗೆ ಗಾಡಿಯವರು ಡ್ರೈವರ್ ಸಮೇತ ಕಿಲೋಮೀಟರಿಗೆ ಎಷ್ಟು ಕೇಳುತ್ತಾರೆ ಅಂತ ವಿಚಾರಿಸಿ, ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೆ ಎರಡು ಸಲ ಹೊರಗೆ ಹೋಗುವ ಮನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಕಂತು ತಿಂಗಳಿಗೆ, ಕಬ್ಬಿನ ಬಿಲ್ಲು ವರ್ಷಕ್ಕೆ

ಈಗ ನಮ್ಮ ಭಾಗದ ಅಳತೆಗೆ ಬರೋಣ. ತಿಂಗಳಿಗೆ ₹19,501 ಅಂದರೆ ವರ್ಷಕ್ಕೆ ₹2,34,012. ಟನ್ನಿಗೆ ₹3,300ರಂತೆ 71 ಟನ್ ಕಬ್ಬು. ಎಕರೆಗೆ 40 ಟನ್ ಹಿಡಿದರೂ ಸುಮಾರು ಒಂದೂ ಮುಕ್ಕಾಲು ಎಕರೆಯ ಪೂರ್ತಿ ಬಿಲ್ಲು. ಬೀಜ, ಗೊಬ್ಬರ, ನೀರು, ಆಳು ಅಂತ ಅರ್ಧ ಖರ್ಚು ಕಳೆದರೆ ಮೂರೂವರೆ ಎಕರೆಯ ಲಾಭ. ಪ್ರತಿ ವರ್ಷ, ಐದು ವರ್ಷ. ಟನ್ನಿಗೆ ಹೋರಾಡಿ ಪಡೆದ ನೂರು ರೂಪಾಯಿ ಇದ್ದರೆ ಆ 71 ಟನ್ನಿಗೆ ₹7,100. ಅದು ಒಂದು ತಿಂಗಳ ಕಂತಿಗೂ ಸಾಲೋದಿಲ್ಲ.

ಮೊತ್ತಕ್ಕಿಂತ ದೊಡ್ಡ ಸಮಸ್ಯೆ ಸಮಯದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಕಾಗದದ ಮೇಲೆ ಇರೋದು ಇದು. ಬಿಲ್ಲು ತಡವಾದರೆ ರೈತ ಧರಣಿ ಕೂರಬೇಕು. ಕಂತು ಒಂದು ದಿನ ತಡವಾದರೆ ಬ್ಯಾಂಕ್ ಧರಣಿ ಕೂರೋದಿಲ್ಲ, ದಂಡ ಹಾಕಿ ಕ್ರೆಡಿಟ್ ಸ್ಕೋರ್ ಕೆಳಗೆ ಇಳಿಸುತ್ತದೆ. ಮುಂದಿನ ವರ್ಷ ಬೆಳೆಸಾಲಕ್ಕೋ ಮಗಳ ಶಿಕ್ಷಣ ಸಾಲಕ್ಕೋ ಹೋದಾಗ ಅದು ಎದುರು ಬರುತ್ತದೆ.

ಇಂಟರ್ನೆಟ್‌ನಲ್ಲಿ ಓಡಾಡುವ ಸೂತ್ರಗಳು (ಶೇ 20 ಮುಂಗಡ, ನಾಲ್ಕು ವರ್ಷದ ಸಾಲ, ಸಂಬಳದ ಶೇ 10 ಮಾತ್ರ ಗಾಡಿಗೆ) ತಿಂಗಳ ಸಂಬಳದವರಿಗೆ ಮಾಡಿದವು. ನಮ್ಮಲ್ಲಿ ಬಹಳ ಮನೆಗಳಿಗೆ ಹಣ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಅಂಥವರು ಬಿಲ್ಲು ಬಂದ ದಿನವೇ ಮುಂದಿನ 12 ಕಂತು ಮತ್ತು ವಿಮೆಯ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ, ಅಲ್ಲಿಂದಲೇ ಕಂತು ಕಡಿತ ಆಗುವ ಹಾಗೆ ಮಾಡಿಕೊಳ್ಳಬೇಕು. ರೈತರಿಗೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಸೌಲಭ್ಯ ಇದೆಯಾ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಾಗಿ ಹೇಳೋದು ಕಡಿಮೆ.

ಇನ್ನೊಂದು ತಮಾಷೆ ಇದೆ. ಈ ಮೂರು ತಾಲ್ಲೂಕಿನ ಕಬ್ಬು ಸಂಕೇಶ್ವರದ ಹಿರಣ್ಯಕೇಶಿಯಂಥ ಸುತ್ತಲಿನ ಕಾರ್ಖಾನೆಗಳಿಗೆ ಹೋಗುತ್ತದೆ. ದೇಶದಲ್ಲಿ ಕಬ್ಬಿನ ಒಂದು ಪಾಲು ಎಥನಾಲ್ ಆಗಿ ಪೆಟ್ರೋಲಿಗೆ ಸೇರುತ್ತಿದೆ. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಇರುವ ಇ20. ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದಂತೆ ಇ20ಗೆ ಹೊಂದಿಸಿದ ಕಾರಿನಲ್ಲಿ ಮೈಲೇಜ್ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6 ಕಡಿಮೆಯಾಗಬಹುದು. ಹಳೇ ಕಾರಿಗೆ ಇದು ತಿಂಗಳಿಗೆ ₹150ರಿಂದ ₹300. ನಮ್ಮದೇ ಕಬ್ಬು ನಮ್ಮದೇ ಟ್ಯಾಂಕಿಗೆ ವಾಪಸ್ ಬರುತ್ತದೆ, ಲೀಟರಿನ ಬೆಲೆ ಮಾತ್ರ ಇಳಿಯೋದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಾಡಿ 2023ರ ಏಪ್ರಿಲ್‌ಗಿಂತ ಮೊದಲಿನದಾದರೆ ಇ20ಗೆ ಹೊಂದುತ್ತದಾ ಅಂತ ಮ್ಯಾನ್ಯುಯಲ್ ನೋಡಿ.

ಗಡಿಯ ಆಸೆ, ಸೆಕೆಂಡ್ ಹ್ಯಾಂಡ್ ಅಪಾಯ

ಹುಕ್ಕೇರಿ ತಾಲ್ಲೂಕಿನವರಿಗೆ ಮಹಾರಾಷ್ಟ್ರ ಹತ್ತಿರ. ಅಲ್ಲಿ ₹10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ತೆರಿಗೆ ಶೇ 11. ನಮ್ಮ ಉದಾಹರಣೆಯ ಕಾರಿಗೆ ಸುಮಾರು ₹29,500 ವ್ಯತ್ಯಾಸ. ಹಾಗಾಗಿ ಸಂಬಂಧಿಕರ ವಿಳಾಸದಲ್ಲಿ ಎಂಎಚ್-09 ಪ್ಲೇಟ್ ಹಾಕಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಇಲ್ಲಿಯ ತೆರಿಗೆ ಕಟ್ಟಿ, ಅಲ್ಲಿಯ ಮರುಪಾವತಿಗೆ ಓಡಾಡಬೇಕು. ಉಳಿಸಿದ ಹಣ ಕಚೇರಿ ಅಲೆದಾಟದಲ್ಲಿ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಒಳ್ಳೆ ದಾರಿಯೇ. ಮೊದಲ ವರ್ಷಗಳ ಬೆಲೆ ಕುಸಿತವನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ, ಜೀವಾವಧಿ ತೆರಿಗೆಯೂ ಕಟ್ಟಿರುತ್ತದೆ. ಆದರೆ ಆರ್‌ಸಿ ಹೆಸರು ಬದಲಾಯಿಸದೆ "ಆಮ್ಯಾಲ ಮಾಡ್ಕೊಂಡ್ರಾತು" ಅನ್ನೋದು ನಮ್ಮ ಕಡೆ ಮಾಮೂಲು. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವನೇ ಹೊಣೆ. ಮಾರಿದವರು ಈ ಸಾಲನ್ನು ಎರಡು ಸಲ ಓದಿ. ಕೊಂಡವರು ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಇನ್ನು "ಬಿಳಿ ಬೋರ್ಡ್ ಇರಲಿ, ಬಾಡಿಗೆ ಹೊಡೆದು ಕಂತು ತೀರಿಸ್ತೀನಿ" ಅನ್ನೋರು. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸೋದು ಕಾನೂನುಬಾಹಿರ. ಅದಕ್ಕಿಂತ ಮುಖ್ಯವಾಗಿ, ಬಾಡಿಗೆಯ ಹೊತ್ತಲ್ಲಿ ಅಪಘಾತ ಆದರೆ ವಿಮಾ ಕಂಪನಿ ಕೈ ಎತ್ತಬಹುದು. ಆಗ ಹೋಗೋದು ಕಾರಲ್ಲ, ಹೊಲ.

ಯಾರೂ ಹೇಳದ ಖರ್ಚು: ರೇಷನ್ ಕಾರ್ಡು

ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರುವ ಕುಟುಂಬ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಅರ್ಹವಲ್ಲ. ಜೀವನೋಪಾಯದ ಟ್ಯಾಕ್ಸಿ, ಟ್ರ್ಯಾಕ್ಟರಿಗೆ ವಿನಾಯಿತಿ ಇದೆ, ಬಿಳಿ ಬೋರ್ಡಿಗೆ ಇಲ್ಲ. ಸೆಕೆಂಡ್ ಹ್ಯಾಂಡ್ ಒಂದೂವರೆ ಲಕ್ಷದ ಕಾರಾದರೂ ಅಷ್ಟೇ.

ಅಕ್ಕಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಗರಿಷ್ಠ ₹1.5 ಲಕ್ಷ. ಎದೆನೋವಿನ ರಾತ್ರಿಗೆ ಅಂತ ಕಾರು ತಗೊಂಡ ಮನೆ, ಆಸ್ಪತ್ರೆ ತಲುಪಿದ ಮೇಲೆ ಕೌಂಟರ್‌ನಲ್ಲಿ ಆ ಹಕ್ಕನ್ನೇ ಕಳೆದುಕೊಂಡಿರುತ್ತದೆ. ಅಂಚಿನಲ್ಲಿರುವ ಕುಟುಂಬಕ್ಕೆ ಕಾರಿನ ಅತಿ ದೊಡ್ಡ ಬೆಲೆ ಇದೇ. ಕಾರು ಇದ್ದವರು ಕಾರ್ಡು ಮುಚ್ಚಿಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕಾರು ತಗೊಳ್ಳುವ ಮೊದಲೇ ಆರೋಗ್ಯ ವಿಮೆಯ ಕಂತನ್ನೂ ತಿಂಗಳ ಲೆಕ್ಕಕ್ಕೆ ಸೇರಿಸಿ ಅನ್ನುತ್ತಿದ್ದೇನೆ.

ಇದು ರಾಜಕೀಯದ ಪ್ರಶ್ನೆ ಯಾಕೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಪಟ್ಟಣಗಳ ಒಳಗೆ ರೈಲು ಬರೋದಿಲ್ಲ. ಮೀರಜ್–ಲೋಂಡಾ ಹಳಿ ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರದ ಮೇಲೆ ಹಾದುಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ, ಅದು ದೊಡ್ಡ ಬದಲಾವಣೆ. ಆದರೆ ಟಿಕೆಟ್ ಉಚಿತ ಆದ ಮಾತ್ರಕ್ಕೆ ರಾತ್ರಿ ಹತ್ತಕ್ಕೆ ಹಳ್ಳಿಗೆ ಬಸ್ ಬರೋದಿಲ್ಲ. ಬಸ್ಸು ಇಲ್ಲದ ಆ ಗಂಟೆಗಳಿಗಾಗಿ ನಾವು ತಿಂಗಳಿಗೆ ಹತ್ತೊಂಬತ್ತೂವರೆ ಸಾವಿರ ಕಟ್ಟುತ್ತಿದ್ದೇವೆ.

ಕಟ್ಟುವಾಗ ಸರ್ಕಾರಕ್ಕೂ ಕಟ್ಟುತ್ತಿದ್ದೇವೆ. ಖರೀದಿಯಲ್ಲಿ ₹2 ಲಕ್ಷ ತೆರಿಗೆ. ರಾಜ್ಯ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಏರಿದಾಗ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ₹21.90 ಆಯಿತು. ಆ ದರಗಳಲ್ಲಿ ₹103ರ ಲೀಟರಿನಲ್ಲಿ ಸುಮಾರು ₹45 ತೆರಿಗೆ, ತಿಂಗಳ 50 ಲೀಟರಿಗೆ ₹2,250ಕ್ಕೂ ಹೆಚ್ಚು. ಇಷ್ಟು ಕಟ್ಟಿ ಹೆದ್ದಾರಿಗೆ ಬಂದರೆ ಹತ್ತರಗಿಯಲ್ಲಿ ಟೋಲ್. ಕಬ್ಬಿನ ದರ ಕೇಳೋಕೆ ಗುರ್ಲಾಪುರಕ್ಕೆ ಬಂದ ಜನ, ಈ ತೆರಿಗೆಗೆ ಬದಲಾಗಿ ರಾತ್ರಿ ಬಸ್ಸು, ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯದ ತುರ್ತು ಚಿಕಿತ್ಸೆ ಕೇಳೋಕೂ ಬರಬಹುದು. ಆ ಎರಡು ಇದ್ದರೆ ಎಷ್ಟೋ ಮನೆಗಳಿಗೆ ಈ ಸಾಲವೇ ಬೇಡ.

ಅಲ್ಲಿಯವರೆಗೆ ಒಂದು ಪರೀಕ್ಷೆ. ಬುಕ್ ಮಾಡುವ ಮೊದಲು ಆರು ತಿಂಗಳು, ಕಾರು ಬಂದೇಬಿಟ್ಟಿದೆ ಅನ್ನುವ ಹಾಗೆ ತಿಂಗಳಿಗೆ ₹19,500 ಬೇರೆ ಖಾತೆಗೆ ಹಾಕಿ. ವರ್ಷಕ್ಕೊಮ್ಮೆ ಹಣ ಬರುವವರು ಬಿಲ್ಲು ಬಂದ ದಿನ ಒಟ್ಟಿಗೇ ಎತ್ತಿಟ್ಟು, ಆರು ತಿಂಗಳು ಮುಟ್ಟದೆ ಮನೆ ನಡೆಸಿ ನೋಡಿ. ನಡೆಯಿತಾ? ಕಾರು ನಿಮ್ಮ ಕೈಗೆಟುಕುತ್ತದೆ, ಜೊತೆಗೆ ₹1,17,000 ಕೈಯಲ್ಲಿದೆ, ಅಷ್ಟು ಸಾಲ ಕಡಿಮೆ. ಮೂರನೇ ತಿಂಗಳಿಗೇ ತೆಗೆದು ಖರ್ಚು ಮಾಡಬೇಕಾಯಿತಾ? ಆಗಲೂ ನಷ್ಟ ಇಲ್ಲ, ಹಣ ನಿಮ್ಮದೇ.

ಗೆಳೆಯ ಈಗ ನಾಲ್ಕನೇ ತಿಂಗಳಲ್ಲಿದ್ದಾನೆ. ಎರಡನೇ ತಿಂಗಳು ಬೋರ್‌ವೆಲ್ ಮೋಟರ್ ಸುಟ್ಟು ಆ ಖಾತೆಯಿಂದ ಹನ್ನೊಂದು ಸಾವಿರ ತೆಗೆದನಂತೆ. "ಕಾರ್ ಇದ್ದಿದ್ರ ಈ ದುಡ್ಡ ಎಲ್ಲಿಂದ ತರ್ತಿದ್ದೆ?" ಅಂತ ಅವನೇ ಕೇಳಿದ. ಹೊಸ ಕಾರಿನ ಬ್ರೋಷರ್ ಬದಿಗಿಟ್ಟು, ಈಗ ನಾಲ್ಕು ವರ್ಷ ಹಳೆಯ ಗಾಡಿ ನೋಡುತ್ತಿದ್ದಾನೆ. ಆರ್‌ಸಿ ಮೊದಲ ದಿನವೇ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾನಂತೆ.